ಕಿತ್ತಳೆ ಬಣ್ಣದ ಸಿಪ್ಪೆಯ ನಾರುವ ಚೀಸ್: ಮುಂಬೈ ಫ್ಲ್ಯಾಟ್‌ನಲ್ಲಿ ಮಾಡುವ ಬಗೆ

ಮೊದಲೇ ಹೇಳಿಬಿಡುತ್ತೇನೆ, ಇದು ನಾರುತ್ತದೆ. ಫ್ರಾನ್ಸಿನ ಮುನ್‌ಸ್ಟರ್, ಎಪ್ವಾಸ್, ಇಟಲಿಯ ತಲೆಜ್ಜೋ, ಬೆಲ್ಜಿಯಂ-ಜರ್ಮನಿ ಕಡೆಯ ಲಿಂಬರ್ಗರ್ ಎಲ್ಲ ಇದೇ ಜಾತಿ. ಮೆತ್ತನೆಯ ಚೀಸಿನ ಮೈಯನ್ನು ವಾರಗಟ್ಟಲೆ ಉಪ್ಪುನೀರಿನಲ್ಲಿ ಒರೆಸುತ್ತಾ ಮಾಗಿಸುತ್ತಾರೆ. ಮೊದಲು ಯೀಸ್ಟ್ ಬಂದು ಹುಳಿ ತಿಂದುಹಾಕುತ್ತದೆ, ಆಮೇಲೆ ಬ್ರೆವಿಬ್ಯಾಕ್ಟೀರಿಯಂ ಲಿನೆನ್ಸ್ ಅನ್ನುವ ಬ್ಯಾಕ್ಟೀರಿಯಾ ಕಿತ್ತಳೆ ಬಣ್ಣದಲ್ಲಿ ಹರಡುತ್ತದೆ. ಇದರ ದಾಯಾದಿಗಳು ನಮ್ಮ ಪಾದದ ಮೇಲೂ ಇರುತ್ತವೆ, ವಾಸನೆಯ ಗುಟ್ಟು ಅದೇ. ಆಫ್ರಿಕಾದ ಮಲೇರಿಯಾ ಸೊಳ್ಳೆ ಲಿಂಬರ್ಗರ್ ವಾಸನೆಗೂ ಪಾದದ ವಾಸನೆಗೂ ಹಾರಿ ಬರುತ್ತದೆ ಅಂತ ತೋರಿಸಿದವರಿಗೆ 2006ರಲ್ಲಿ ಇಗ್ ನೊಬೆಲ್, ಅಂದರೆ ನಗಿಸಿ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ತಮಾಷೆಯ ಪ್ರಶಸ್ತಿ, ಸಿಕ್ಕಿತ್ತು. ಕಿಟಕಿಗೆ ಜಾಲರಿ ಇದೆ ಅಲ್ವಾ?

ಹಾಲು 4 ಲೀಟರ್, ಪ್ಯಾಕೆಟ್‌ನ ಹಸುವಿನ ಹಾಲೇ ಸಾಕು, ಆದರೆ ತಿಂಗಳುಗಟ್ಟಲೆ ಕೆಡದ ಟೆಟ್ರಾಪ್ಯಾಕ್ ಬೇಡ, ಅದು ಸರಿಯಾಗಿ ಗಡ್ಡೆ ಕಟ್ಟುವುದಿಲ್ಲ. ತಬೇಲಾದ (ದನದ ಕೊಟ್ಟಿಗೆಯ) ಹಸಿ ಹಾಲೂ ಬೇಡ. 32 ಡಿಗ್ರಿಗೆ ಬಿಸಿ ಮಾಡಿ, ಮೆಸೊಫಿಲಿಕ್ ಕಲ್ಚರ್ (ಹಾಲನ್ನು ಹುಳಿ ಮಾಡುವ ಚೀಸ್ ಹೆಪ್ಪು) ಜೊತೆ ಲಿನೆನ್ಸ್ ಪುಡಿ ಚಿಟಿಕೆ ಹಾಕಿ, ಮುಕ್ಕಾಲು ಗಂಟೆ ಸುಮ್ನೆ ಬಿಡಿ. ನೀರಿನಲ್ಲಿ ಕದಡಿದ ಕಾಲು ಚಮಚ ಕ್ಯಾಲ್ಸಿಯಂ ಕ್ಲೋರೈಡ್, ಆಮೇಲೆ ಪ್ಯಾಕೆಟ್ ಮೇಲೆ ಬರೆದಷ್ಟು ವೆಜ್ ರೆನೆಟ್ (ಹಾಲು ಗಟ್ಟಿ ಮಾಡುವ ಕಿಣ್ವ). ಸುಮಾರು ಒಂದು ಗಂಟೆಯಲ್ಲಿ ಗಿಣ್ಣಿನ ಹಾಗೆ ನಿಲ್ಲುತ್ತದೆ. ಎರಡು ಸೆಂಟಿಮೀಟರ್ ತುಂಡು ಮಾಡಿ, ಹದಿನೈದು ನಿಮಿಷ ಮೆಲ್ಲಗೆ ತಿರುಗಿಸಿ, ತೂತು ಕೊರೆದ ಶ್ರೀಖಂಡದ ಡಬ್ಬಿಗಳಿಗೆ ತುಂಬಿ. ಆಗಾಗ ಮಗುಚುತ್ತಾ ರಾತ್ರಿಯಿಡೀ ನೀರು ಸೋರಲಿ. ಬೆಳಿಗ್ಗೆ ಚೀಸಿನ ತೂಕದ ನೂರಕ್ಕೆ ಎರಡರಷ್ಟು ಉಪ್ಪು, ಅಯೋಡಿನ್ ಇಲ್ಲದ್ದು, ಮೈತುಂಬ ಸವರಿ.

ಇಲ್ಲಿಯವರೆಗೆ ಯಾರಾದರೂ ಮಾಡಬಹುದು. ಮಾಗಿಸುವುದಕ್ಕೆ 12ರಿಂದ 14 ಡಿಗ್ರಿ ಬೇಕು, ತೇವ ನೂರಕ್ಕೆ ತೊಂಬತ್ತರ ಮೇಲೆ. ಮುಂಬೈ ಮಳೆಗಾಲದಲ್ಲಿ ತೇವಕ್ಕೇನು ಕಮ್ಮಿ, ಆದರೆ ಸೆಖೆ ಬಿಡಬೇಕಲ್ಲ. ಹಾಗಂತ ಮಾಮೂಲಿ ಫ್ರಿಜ್‌ನಲ್ಲಿಟ್ಟರೆ 4 ಡಿಗ್ರಿಗೆ ಬ್ಯಾಕ್ಟೀರಿಯಾ ತೂಕಡಿಸುತ್ತದೆ. ವೈನ್ ಚಿಲ್ಲರ್ ಇದ್ದರೆ ಪುಣ್ಯವಂತರು, ಇಲ್ಲದಿದ್ದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಲ್ಯಾಮಿಂಗ್ಟನ್ ರೋಡಿನಿಂದ ಟೆಂಪರೇಚರ್ ಕಂಟ್ರೋಲರ್ ತಂದು ಹಳೆಯ ಸಣ್ಣ ಫ್ರಿಜ್‌ಗೆ ಎಲೆಕ್ಟ್ರಿಷಿಯನ್ ಕೈಯಲ್ಲಿ ಹಾಕಿಸಿ. ಮುಚ್ಚಳದ ಡಬ್ಬಿಯಲ್ಲಿ ಪ್ಲಾಸ್ಟಿಕ್ ಜಾಲರಿ ಹಾಕಿ ಅದರ ಮೇಲಿಡಿ, ಮುಚ್ಚಳದ ಹನಿ ದಿನಾ ಒರೆಸಿ.

ಎರಡು ಮೂರು ದಿನಕ್ಕೊಮ್ಮೆ ತೊಳೆಯಿರಿ. ಕುದಿಸಿ ಆರಿಸಿದ ಲೀಟರ್ ನೀರಿಗೆ 30 ಗ್ರಾಂ ಉಪ್ಪು, ಶುದ್ಧ ಬಟ್ಟೆ ಅದ್ದಿ ಹಿಂಡಿ ಒರೆಸುವುದು, ಅಷ್ಟೇ. ಜಾಸ್ತಿ ಒದ್ದೆ ಮಾಡಿದರೆ ಮೇಲಿನ ಪದರ ಲೋಳೆಯಾಗಿ ಜಾರಿ ಬರುತ್ತದೆ, ಕಮ್ಮಿಯಾದರೆ ಬಿಳಿ ಬೂಸ್ಟು ಗೆಲ್ಲುತ್ತದೆ. ಎರಡು ವಾರದಲ್ಲಿ ಅಂಟಂಟಾದ ಕಿತ್ತಳೆ ಬಣ್ಣ ಬಂದರೆ ತೊಳೆಯುವುದು ನಿಲ್ಲಿಸಿ, ಕಾಗದ ಸುತ್ತಿ ಇನ್ನೂ ಎರಡು ಮೂರು ವಾರ ಬಿಡಿ. ಕಪ್ಪು ಬೂಸ್ಟು ಒಳಗೆ ಇಳಿದಿದ್ದರೆ ಅಥವಾ ಅಮೋನಿಯ ಮೂಗಿಗೆ ಹೊಡೆದರೆ ಎಸೆಯುವುದೇ ವಾಸಿ. ಬಸುರಿಯರು, ತೀರಾ ವಯಸ್ಸಾದವರು ಇದನ್ನು ತಿನ್ನಬಾರದು. ಲಿಸ್ಟೀರಿಯಾ ಅನ್ನುವ ರೋಗಕಾರಕ ಬ್ಯಾಕ್ಟೀರಿಯಾದ ಅಪಾಯ ಇಂಥ ಮೆದು ಚೀಸ್‌ನಲ್ಲಿ ನಿಜಕ್ಕೂ ಇದೆ.

ತಿನ್ನುವ ಮೊದಲು ಅರ್ಧ ಗಂಟೆ ಹೊರಗಿಡಿ, ನಮ್ಮ ಸೆಖೆಗೆ ಅಷ್ಟು ಸಾಕು. ವಾಸನೆಯೆಲ್ಲ ಸಿಪ್ಪೆಯದು, ಒಳಗೆ ಬೆಣ್ಣೆಯಂಥ ಸೌಮ್ಯ ರುಚಿ. ಮುನ್‌ಸ್ಟರ್ ಹುಟ್ಟಿದ ಅಲ್ಸಾಸ್‌ನಲ್ಲಿ ಬೇಯಿಸಿದ ಆಲೂಗಡ್ಡೆ, ಮೇಲೆ ಜೀರಿಗೆ ಉದುರಿಸಿಕೊಂಡು ತಿನ್ನುತ್ತಾರೆ. ಅದಕ್ಕಿಂತ ಸುಲಭ ಬೇಕೇ? ನನಗಂತೂ ಗೋವಾದ ಪೊಯಿ ಬ್ರೆಡ್ ಜೊತೆ ಹಸಿ ಈರುಳ್ಳಿ ಇಟ್ಟುಕೊಂಡು ತಿನ್ನುವುದೇ ಇಷ್ಟ. ಡೊಂಬಿವಲಿಯ ನೆಂಟರಿಗೆ ಲೋಕಲ್‌ನಲ್ಲಿ ಒಯ್ಯುವುದಾದರೆ ಮಾತ್ರ ಡಬ್ಬಿಯೊಳಗೆ ಡಬ್ಬಿ ಇಡಿ, ಎರಡಕ್ಕೂ ಬಿಗಿ ಮುಚ್ಚಳ.