ಅತ್ತೆ, ಮಕ್ಕಳು, ಕೆರಿಬಿಯನ್ ಸಮುದ್ರ: ಕ್ರೂಸ್ ರಜೆಯ ನನ್ನ ಅನುಭವ

ನಾವು ಹೋದದ್ದು ಐದು ಜನ. ನಾನು, ನಮ್ಮನೆಯವರು, 11 ವರ್ಷದ ಮಗ, 4 ವರ್ಷದ ಮಗಳು ಮತ್ತು ಮಂಡಿ ನೋವಿರುವ ಅತ್ತೆ. ಇಷ್ಟು ಬೇರೆ ಬೇರೆ ವಯಸ್ಸಿನವರು ಒಟ್ಟಿಗೆ ರಜೆ ಕಳೆಯಲು ಕ್ರೂಸ್‌ನಷ್ಟು, ಅಂದರೆ ಪ್ರವಾಸಿ ಹಡಗಿನ ಪ್ರಯಾಣದಷ್ಟು, ಅನುಕೂಲ ಬೇರೊಂದಿಲ್ಲ ಅಂತ ನನಗೆ ಅನಿಸಿದೆ. ಪ್ರತಿ ಊರಲ್ಲೂ ಪೆಟ್ಟಿಗೆ ಬಿಚ್ಚಿ ಕಟ್ಟುವ ಕೆಲಸ ಇಲ್ಲ. ಸುಸ್ತಾದವರು ಮಲಗಬಹುದು, ಉತ್ಸಾಹ ಇರುವವರು ತಿರುಗಬಹುದು, ರಾತ್ರಿ ಊಟಕ್ಕೆ ಎಲ್ಲರೂ ಒಂದೇ ಮೇಜಿಗೆ ಬರಬಹುದು. ನಾನು ಮೊದಲೇ ಒಂದು ತೀರ್ಮಾನ ಮಾಡಿಕೊಂಡಿದ್ದೆ. ಚಿಕ್ಕ ಮಗಳ ನಿದ್ದೆ, ಅತ್ತೆಯ ಮಂಡಿ, ಮಧ್ಯಾಹ್ನದ ಬಿಸಿಲು, ಈ ಮೂರನ್ನು ನೋಡಿಯೇ ಪ್ರತಿ ದಿನದ ಕಾರ್ಯಕ್ರಮ ಹಾಕುವುದು. ಎಷ್ಟು ಜಾಗ ನೋಡಿದೆವು ಅನ್ನುವ ಲೆಕ್ಕ ಆಮೇಲೆ.

ನಾವು ಆರಿಸಿದ್ದು ಅಮೆರಿಕದ ಮಯಾಮಿಯಿಂದ ಹೊರಡುವ ಪಶ್ಚಿಮ ಕೆರಿಬಿಯನ್ ಪ್ರಯಾಣ. ಜಮೈಕಾದ ಓಚೋ ರಿಯೋಸ್, ಗ್ರ್ಯಾಂಡ್ ಕೇಮನ್, ಮೆಕ್ಸಿಕೋದ ಕೊಝುಮೆಲ್. ನಡುವೆ ಇಡೀ ದಿನ ಸಮುದ್ರದಲ್ಲೇ ಕಳೆಯುವ ದಿನಗಳೂ ಇದ್ದವು. ಇಂಥ ದಿನ ಇರುವ ಪ್ರಯಾಣವನ್ನೇ ನಾನು ಹುಡುಕಿದ್ದು. ದಿನಾ ಒಂದು ಬಂದರು ಅಂದರೆ ಮಕ್ಕಳು ಮೂರನೇ ದಿನಕ್ಕೇ ಹೈರಾಣಾಗುತ್ತಾರೆ. ತಿಂಗಳು ಏಪ್ರಿಲ್. ಆ ಕಡೆ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಅದರಲ್ಲೂ ಆಗಸ್ಟ್ ಮಧ್ಯದಿಂದ ಅಕ್ಟೋಬರ್‌ವರೆಗೆ ಜಾಸ್ತಿ. ಆಗ ಟಿಕೆಟ್ ಅಗ್ಗ ಇರುತ್ತದೆ ನಿಜ, ಆದರೆ ಹಡಗು ಚಂಡಮಾರುತ ತಪ್ಪಿಸಲು ದಾರಿ ಬದಲಿಸಬಹುದು, ಕೆಲವು ಬಂದರು ಬಿಟ್ಟುಹೋಗಬಹುದು. ವಯಸ್ಸಾದವರನ್ನು ಕರೆದುಕೊಂಡು ಹೋಗುವಾಗ ಆ ಅನಿಶ್ಚಿತತೆ ನನಗೆ ಬೇಡವಾಗಿತ್ತು.

ಕಾಗದಪತ್ರದ ವಿಷಯದಲ್ಲಿ ಒಂದು ಮಾತು. ಮಯಾಮಿಯಿಂದ ಹೊರಟು ಮಯಾಮಿಗೇ ಬಂದರೂ, ನಡುವೆ ಅಮೆರಿಕ ಬಿಟ್ಟು ಹೋಗಿ ಮತ್ತೆ ಒಳಗೆ ಬರುತ್ತೀರಿ. ವೀಸಾ ಮೇಲೆ ಹೋಗುವವರು ಅದರಲ್ಲಿ ಒಂದಕ್ಕಿಂತ ಹೆಚ್ಚು ಸಲ ಪ್ರವೇಶಿಸಲು ಅವಕಾಶ ಇದೆಯಾ ಅಂತ ಮೊದಲೇ ನೋಡಿಕೊಳ್ಳಬೇಕು. ಪ್ರತಿ ಬಂದರಿನ ದೇಶದ ನಿಯಮವೂ ಬೇರೆ. ಹಾಗೇ, ಹಡಗು ಹೊರಡುವ ದಿನವೇ ವಿಮಾನದಲ್ಲಿ ಇಳಿಯುವ ಯೋಚನೆ ಬೇಡ. ವಿಮಾನ ತಡವಾದರೆ ಹಡಗು ಕಾಯುವುದಿಲ್ಲ. ನಾವು ಹಿಂದಿನ ದಿನವೇ ಮಯಾಮಿಯಲ್ಲಿದ್ದೆವು.

ಕ್ಯಾಬಿನ್ ಆರಿಸಲು ನಾನು ಬಹಳ ಸಮಯ ಕೊಟ್ಟೆ. ಹಡಗು ತೂಗಾಡುವುದು ಮುಂದಿನ ತುದಿಯಲ್ಲಿ, ಹಿಂದಿನ ತುದಿಯಲ್ಲಿ ಮತ್ತು ಮೇಲಿನ ಡೆಕ್‌ಗಳಲ್ಲಿ (ಅಂತಸ್ತುಗಳಲ್ಲಿ) ಹೆಚ್ಚು ಗೊತ್ತಾಗುತ್ತದೆ. ನಡುಭಾಗದಲ್ಲಿ, ಕೆಳಗಿನ ಡೆಕ್‌ನಲ್ಲಿ ಕಡಿಮೆ. ಬಸ್ಸಿನಲ್ಲೂ ತಲೆ ಸುತ್ತಿ ವಾಂತಿ ಮಾಡುವವನು ನನ್ನ ಮಗ. ಅವನಿಗೋಸ್ಕರ ನಡುಭಾಗದ ಕೆಳ ಡೆಕ್ಕನ್ನೇ ಹಿಡಿದೆ. ಒಂದರ ಪಕ್ಕ ಒಂದು, ನಡುವೆ ಬಾಗಿಲಿರುವ ಎರಡು ಕ್ಯಾಬಿನ್. ಒಂದರಲ್ಲಿ ಅತ್ತೆ ಮತ್ತು ಮಗ, ಇನ್ನೊಂದರಲ್ಲಿ ನಾವು ಮೂವರು. ಅತ್ತೆಗೆ ಲಿಫ್ಟ್ ಹತ್ತಿರ ಇರಲಿ ಅಂತ ಡೆಕ್ಕಿನ ನಕ್ಷೆ ನೋಡಿ ಕ್ಯಾಬಿನ್ ಸಂಖ್ಯೆಯನ್ನೇ ಆರಿಸಿದೆ. ಕ್ಯಾಬಿನ್ ಮೇಲೆ ಏನಿದೆ ಅಂತಲೂ ನೋಡಿ. ಮೇಲೆ ಡ್ಯಾನ್ಸ್ ಹಾಲ್ ಇದ್ದರೆ ಮಕ್ಕಳು ಮಲಗುವುದು ಕಷ್ಟ. ವಾಕರಿಕೆ ಮಾತ್ರೆಯನ್ನು ಮಕ್ಕಳ ಡಾಕ್ಟರ್ ಹತ್ತಿರ ಕೇಳಿಯೇ ತಂದಿದ್ದೆ. ಅದನ್ನು ಹೊಟ್ಟೆ ತೊಳಸುವ ಮೊದಲೇ ಕೊಡಬೇಕು. ಶುರುವಾದ ಮೇಲೆ ಕೊಟ್ಟರೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಅಲೆ ಜೋರಾದಾಗ ಮಗನನ್ನು ಹೊರಗಿನ ಡೆಕ್‌ಗೆ ಕರೆದುಕೊಂಡು ಹೋಗಿ ದೂರದ ದಿಗಂತ ನೋಡಲು ಹೇಳುತ್ತಿದ್ದೆ. ಫೋನ್, ಪುಸ್ತಕ ಎರಡೂ ಬಂದ್.

ಹತ್ತುವ ದಿನ ದೊಡ್ಡ ಪೆಟ್ಟಿಗೆಗಳನ್ನು ಬಂದರಿನಲ್ಲೇ ಕೊಟ್ಟುಬಿಡುತ್ತೇವೆ. ಅವು ಕ್ಯಾಬಿನ್ ಬಾಗಿಲಿಗೆ ಬರಲು ಸಂಜೆಯಾಗಬಹುದು. ಔಷಧಿ, ಪಾಸ್‌ಪೋರ್ಟ್, ಮಕ್ಕಳ ಈಜುಡುಗೆ, ಒಂದು ಜೊತೆ ಬಟ್ಟೆ ಇವೆಲ್ಲ ಕೈಚೀಲದಲ್ಲೇ ಇರಲಿ. ಸುತ್ತ ಎಲ್ಲರೂ ಈಜುಕೊಳಕ್ಕೆ ಇಳಿದಿರುವಾಗ ಮಗುವಿಗೆ ಸಂಜೆವರೆಗೆ ಕಾಯಿ ಅನ್ನುವುದು ಪಾಪ ಅಲ್ವಾ? ಇಸ್ತ್ರಿಪೆಟ್ಟಿಗೆಯನ್ನು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಬೆಂಕಿಯ ಭಯ. ಬಹಳ ಹಡಗುಗಳಲ್ಲಿ ಎಕ್ಸ್‌ಟೆನ್ಶನ್ ಬೋರ್ಡಿಗೂ ಇದೇ ನಿಯಮ. ಇನ್ನೊಂದು, ಕ್ಯಾಬಿನ್ ಗೋಡೆ ಹೆಚ್ಚಾಗಿ ಲೋಹದ್ದು. ನಾಲ್ಕು ಮ್ಯಾಗ್ನೆಟ್ ಕೊಕ್ಕೆ ತೆಗೆದುಕೊಂಡು ಹೋಗಿದ್ದೆ. ಟೋಪಿ, ಚೀಲ, ಒದ್ದೆ ಬಟ್ಟೆ ಎಲ್ಲಕ್ಕೂ ಜಾಗ ಸಿಕ್ಕಿತು.

ಮಸ್ಟರ್ ಡ್ರಿಲ್ ಅನ್ನು, ಅಂದರೆ ಅಪಾಯ ಬಂದರೆ ಎಲ್ಲಿ ಸೇರಬೇಕು ಅಂತ ಕಲಿಸುವ ಅಭ್ಯಾಸವನ್ನು, ದಯವಿಟ್ಟು ಮನಸ್ಸಿಟ್ಟು ಮಾಡಿ. 2012ರ ಜನವರಿಯಲ್ಲಿ ಇಟಲಿಯ ತೀರದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು ಉರುಳಿತು. 32 ಜನ ತೀರಿಕೊಂಡರು. ಅಂದು ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಇನ್ನೂ ಡ್ರಿಲ್ ಆಗಿರಲಿಲ್ಲ. ಆಗಿನ ನಿಯಮದಲ್ಲಿ 24 ಗಂಟೆಯೊಳಗೆ ಮಾಡಿದರೆ ಸಾಕಿತ್ತು. ಈಗ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಮಾಡಲೇಬೇಕು. ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದವಾಗಿ ಸೈರನ್ ಕೂಗಿದರೆ ಎಲ್ಲಿಗೆ ಹೋಗಬೇಕು ಅಂತ ಮಕ್ಕಳಿಗೆ ನಡೆಸಿಕೊಂಡೇ ತೋರಿಸಿದೆವು. ಅತ್ತೆ ಮೆಟ್ಟಿಲಲ್ಲಿ ನಿಧಾನ, ಹಾಗಾಗಿ ಅವರ ಜೊತೆ ಇರುವುದು ನಮ್ಮನೆಯವರು, ಮಕ್ಕಳಿಬ್ಬರೂ ನನ್ನ ಜೊತೆ. ಇಷ್ಟು ಮಾತಾಡಿಕೊಂಡ ಮೇಲೆ ನನಗೆ ಧೈರ್ಯ ಬಂತು.

ಬಿಸಿಲಿನ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಈ ದ್ವೀಪಗಳೆಲ್ಲ ಕರ್ಕಾಟಕ ವೃತ್ತದ ಕೆಳಗಿವೆ. ಏಪ್ರಿಲ್‌ನಲ್ಲಿ ಮಧ್ಯಾಹ್ನದ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತಾನೆ. ನೀರು, ಬಿಳಿ ಮರಳು ಎರಡೂ ಬೆಳಕನ್ನು ಮತ್ತೆ ಮೈಮೇಲೆ ಎಸೆಯುತ್ತವೆ. ಡೆಕ್ ಮೇಲೆ ಗಾಳಿ ತಣ್ಣಗೆ ಬೀಸುವುದರಿಂದ ಚರ್ಮ ಸುಡುತ್ತಿರುವುದು ಗೊತ್ತೇ ಆಗುವುದಿಲ್ಲ. ಮಕ್ಕಳಿಗೆ ಉದ್ದ ತೋಳಿನ ಈಜುಡುಗೆ, ಅಗಲ ಅಂಚಿನ ಟೋಪಿ ಕಡ್ಡಾಯ ಮಾಡಿದೆ. ಸನ್‌ಸ್ಕ್ರೀನ್ ಪ್ರತಿ ಎರಡು ಗಂಟೆಗೊಮ್ಮೆ, ನೀರಿನಿಂದ ಎದ್ದ ಮೇಲೆ ಮತ್ತೊಮ್ಮೆ. ಜಿಂಕ್ ಆಕ್ಸೈಡ್ ಇರುವುದನ್ನು ತೆಗೆದುಕೊಂಡಿದ್ದೆ. ಕೆಲವು ಸನ್‌ಸ್ಕ್ರೀನ್‌ಗಳಲ್ಲಿರುವ ಆಕ್ಸಿಬೆನ್‌ಝೋನ್ ಹವಳಕ್ಕೆ ಕೆಟ್ಟದ್ದು ಅಂತ ಕೆರಿಬಿಯನ್‌ನ ಅಮೆರಿಕನ್ ವರ್ಜಿನ್ ದ್ವೀಪಗಳಲ್ಲಿ 2020ರಿಂದ ನಿಷೇಧವೇ ಇದೆ. ಹವಳ ನೋಡಲು ಹೋಗುವವರು ಅದನ್ನು ಕಾಪಾಡುವುದೂ ನಮ್ಮ ಕೆಲಸ.

ಬಂದರಿನ ದಿನ ನಮ್ಮ ಕ್ರಮ ಸರಳ. ಬೆಳಿಗ್ಗೆ ಬೇಗ ಇಳಿಯುವುದು, ಮಧ್ಯಾಹ್ನದೊಳಗೆ ಹಡಗಿಗೆ ಬರುವುದು, ಮಗಳು ಮಲಗುವುದು. ಆಗ ಹಡಗು ಖಾಲಿ ಖಾಲಿ ಇರುತ್ತದೆ. ಕೊಳದಲ್ಲಿ ಜಾಗ, ಬಫೆಯಲ್ಲಿ ಸಾಲಿಲ್ಲ.

ಓಚೋ ರಿಯೋಸ್‌ನಲ್ಲಿ ಡನ್ಸ್ ರಿವರ್ ಜಲಪಾತಕ್ಕೆ ಹೋದವರು ಅಪ್ಪ-ಮಗ ಇಬ್ಬರೇ. ಅಲ್ಲಿ ಜನ ಕೈ ಕೈ ಹಿಡಿದು ಸಾಲಾಗಿ ಬಂಡೆ ಹತ್ತುತ್ತಾ ಮೇಲೆ ಹೋಗುತ್ತಾರೆ. ಜಾರದ ನೀರಿನ ಶೂ ಬೇಕೇ ಬೇಕು. ಚಿಕ್ಕ ಮಗುವಿಗೂ ಮಂಡಿ ನೋವಿಗೂ ಅದು ಹೇಳಿಸಿದ ಜಾಗ ಅಲ್ಲ.

ಗ್ರ್ಯಾಂಡ್ ಕೇಮನ್‌ನಲ್ಲಿ ಹಡಗು ದಡಕ್ಕೆ ತಾಗಿ ನಿಲ್ಲುವುದಿಲ್ಲ. ಸ್ವಲ್ಪ ದೂರದಲ್ಲಿ ಲಂಗರು ಹಾಕುತ್ತದೆ. ಟೆಂಡರ್ ಅನ್ನುವ ಚಿಕ್ಕ ದೋಣಿಯಲ್ಲಿ ದಡಕ್ಕೆ ಹೋಗಬೇಕು. ಹಡಗಿನಿಂದ ದೋಣಿಗೆ ಕಾಲಿಡುವ ಜಾಗ ಅಲೆಗೆ ಏರಿಳಿಯುತ್ತಿರುತ್ತದೆ. ಅತ್ತೆ ನಿಂತು ನೋಡಿದರು. "ನೀವೆಲ್ಲ ಹೋಗಿ ಬನ್ನಿ, ನಾನು ಇಲ್ಲೇ ಆರಾಮಾಗಿರ್ತೀನಿ" ಅಂದರು. ನನಗೆ ಬಿಟ್ಟುಹೋಗಲು ಮನಸ್ಸಿರಲಿಲ್ಲ. ಆದರೆ ನಾವು ಬರುವಷ್ಟರಲ್ಲಿ ಅವರು ನೆರಳಿನ ಡೆಕ್‌ನಲ್ಲಿ ಕೂತು, ತಮ್ಮಷ್ಟೇ ವಯಸ್ಸಿನ ಇನ್ನೊಬ್ಬರ ಗೆಳೆತನ ಮಾಡಿಕೊಂಡಿದ್ದರು. ಇಡೀ ಪ್ರಯಾಣದಲ್ಲಿ ಅವರಿಗೆ ಬಹಳ ಇಷ್ಟವಾದ ದಿನ ಅದೇ ಅಂತೆ. ಅಂದಿನಿಂದ ನಾನು ಯಾರನ್ನೂ ಬಲವಂತ ಮಾಡಿ ಇಳಿಸಲಿಲ್ಲ. ಮಗ ಅಂದು ಸ್ಟಿಂಗ್ರೇ ಸಿಟಿ ಅನ್ನುವ ಸಮುದ್ರದ ಮರಳುದಿಬ್ಬದಲ್ಲಿ ಸೊಂಟದಷ್ಟು ನೀರಲ್ಲಿ ನಿಂತು ಸ್ಟಿಂಗ್ರೇ, ಅಂದರೆ ತೊರಕೆ ಮೀನು, ಮುಟ್ಟಿ ಬಂದ. ಅವುಗಳ ಬಾಲದಲ್ಲಿ ಮುಳ್ಳಿರುವುದರಿಂದ ಕಾಲೆತ್ತಿ ಇಡದೆ, ಮರಳಲ್ಲಿ ಎಳೆದುಕೊಂಡೇ ನಡೆಯಬೇಕು.

ಕೊಝುಮೆಲ್‌ನಲ್ಲಿ ಗಡಿಯಾರದ ಬಗ್ಗೆ ಎಚ್ಚರ ಬೇಕು. ಆ ರಾಜ್ಯದಲ್ಲಿ ವರ್ಷವಿಡೀ ಒಂದೇ ಸಮಯ. ಮಯಾಮಿಯಲ್ಲಿ ಮಾತ್ರ ಮಾರ್ಚ್‌ನಿಂದ ನವೆಂಬರ್‌ವರೆಗೆ ಗಡಿಯಾರ ಒಂದು ಗಂಟೆ ಮುಂದೆ. ನಮ್ಮ ಹಡಗು ಮಯಾಮಿ ಸಮಯವನ್ನೇ ಇಟ್ಟುಕೊಂಡಿತ್ತು. ದಡಕ್ಕೆ ಇಳಿದ ಕೂಡಲೇ ಫೋನ್ ತಾನಾಗಿ ಸ್ಥಳೀಯ ಸಮಯಕ್ಕೆ ಹೋಯಿತು. ಫೋನ್‌ನಲ್ಲಿ ಮೂರೂವರೆ ಅಂದರೆ ಹಡಗಿನಲ್ಲಿ ನಾಲ್ಕೂವರೆ! ಅದಕ್ಕೇ ನಾನು ಹಡಗಿನ ಸಮಯ ಇಟ್ಟ ಸಾದಾ ಕೈಗಡಿಯಾರ ಕಟ್ಟಿಕೊಂಡಿದ್ದೆ. ಕೆಲವು ಹಡಗುಗಳು ಸ್ಥಳೀಯ ಸಮಯಕ್ಕೆ ಬದಲಾಗುತ್ತವೆ. ಇಳಿಯುವಾಗ ಬಾಗಿಲಲ್ಲಿ ಕೇಳಿಯೇ ಇಳಿಯಿರಿ. ಹಡಗಿನವರೇ ಏರ್ಪಡಿಸಿದ ಪ್ರವಾಸ ತಡವಾದರೆ ಸಾಮಾನ್ಯವಾಗಿ ಹಡಗು ಕಾಯುತ್ತದೆ. ನಾವಾಗಿಯೇ ಹೋದರೆ ಆ ಭರವಸೆ ಇಲ್ಲ. ಹಾಗಾಗಿ ದೂರದ ಜಾಗಕ್ಕೆ ಹಡಗಿನ ಪ್ರವಾಸ, ಹತ್ತಿರದ ಬೀಚ್‌ಗೆ ಟ್ಯಾಕ್ಸಿ ಅಂತ ಮಾಡಿಕೊಂಡೆವು.

ಊಟಕ್ಕೆ ಹೋಗುವ ಮುಂಚೆ ಎಲ್ಲರೂ ಸೋಪು ಹಾಕಿ ಕೈ ತೊಳೆಯಬೇಕು ಅಂತ ನಾನು ಕಟ್ಟುನಿಟ್ಟು ಮಾಡಿದ್ದೆ. ಹಡಗಿನಲ್ಲಿ ವಾಂತಿ-ಭೇದಿ ಹರಡುವ ನೊರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ಬಗ್ಗುವುದಿಲ್ಲ. ಸೋಪು, ನೀರೇ ಬೇಕು. ಹಾಗೇ ಹೊರಟ ಕೂಡಲೇ ಎಲ್ಲರ ಫೋನ್ ಏರ್‌ಪ್ಲೇನ್ ಮೋಡ್‌ಗೆ. ನಡು ಸಮುದ್ರದಲ್ಲಿ ಸಿಗುವ ಸಿಗ್ನಲ್ ಉಪಗ್ರಹದ್ದು, ರೋಮಿಂಗ್ ಬಿಲ್ ಜೋರಾಗಿ ಬರುತ್ತದೆ.

ಡೈಪರ್ ಹಾಕುವ ಮಕ್ಕಳನ್ನು, ಅದು ಈಜಿನ ಡೈಪರ್ ಆದರೂ, ಬಹುಪಾಲು ಹಡಗುಗಳ ದೊಡ್ಡ ಕೊಳಕ್ಕೆ ಬಿಡುವುದಿಲ್ಲ. ಮಕ್ಕಳ ಕ್ಲಬ್ಬಿಗೂ ಹೆಚ್ಚಾಗಿ 3 ವರ್ಷ ತುಂಬಿ ಡೈಪರ್ ಬಿಟ್ಟಿರಬೇಕು. ನನ್ನ ಮಗಳಿಗೆ ಆ ಕ್ಲಬ್ ಎಷ್ಟು ಹಿಡಿಸಿತೆಂದರೆ ಸಮುದ್ರದ ದಿನಗಳಲ್ಲಿ ನಾವಿಬ್ಬರೂ ಕೂತು ಕಾಫಿ ಕುಡಿಯಲು ಸಮಯ ಸಿಕ್ಕಿತು. ಕೊಳದ ಹತ್ತಿರ ಮಾತ್ರ ನಮ್ಮಲ್ಲಿ ಒಬ್ಬರ ಕಣ್ಣು ಯಾವಾಗಲೂ ಮಕ್ಕಳ ಮೇಲೇ. ಲೈಫ್‌ಗಾರ್ಡ್ ಎಲ್ಲ ಹಡಗಿನಲ್ಲೂ ಇರುವುದಿಲ್ಲ.

ಕೊನೆಯ ರಾತ್ರಿ ಪೆಟ್ಟಿಗೆಗಳನ್ನು ಬಾಗಿಲ ಹೊರಗೆ ಇಡಬೇಕು, ಬೆಳಿಗ್ಗೆ ಬಂದರಿನಲ್ಲಿ ಸಿಗುತ್ತವೆ. ಮಾರನೇ ದಿನ ಹಾಕುವ ಬಟ್ಟೆ, ಚಪ್ಪಲಿ, ಅತ್ತೆಯ ಮಾತ್ರೆ ಎಲ್ಲವನ್ನೂ ಮೊದಲು ಹಾಸಿಗೆ ಮೇಲೆ ಇಟ್ಟುಕೊಂಡು, ಆಮೇಲೆ ಪೆಟ್ಟಿಗೆ ಮುಚ್ಚಿದೆ. ಇಳಿದ ಮೇಲೆ ಇಮಿಗ್ರೇಷನ್ ಸಾಲು ಉದ್ದ ಇರಬಹುದು. ವಾಪಸ್ ವಿಮಾನವನ್ನು ಮಧ್ಯಾಹ್ನ ಕಳೆದ ಮೇಲೆ ಇಟ್ಟುಕೊಂಡಿದ್ದರಿಂದ ಅತ್ತೆ ನಿಧಾನವಾಗಿ ತಿಂಡಿ ಮುಗಿಸಿ, ಗೆಳತಿಯ ವಿಳಾಸ ಬರೆದುಕೊಂಡು ಇಳಿದರು.