ಸಂಶೋಧನಾರ್ಥಿಗೆ ಪಾಠ ಮಾಡಲು ಕಲಿಸುವ ಬಗೆ

ಪಿಎಚ್.ಡಿ. ವಿದ್ಯಾರ್ಥಿಗಳು ತಮ್ಮ ವಿಷಯದ ಬೋಧನೆಯಲ್ಲಿಯೂ ತರಬೇತಿ ಪಡೆಯಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಾವಳಿ ಹೇಳುತ್ತದೆ. ಟ್ಯುಟೋರಿಯಲ್, ಪ್ರಯೋಗಾಲಯ ಹಾಗೂ ಮೌಲ್ಯಮಾಪನದ ಕೆಲಸಕ್ಕೆ ವಾರಕ್ಕೆ 4ರಿಂದ 6 ಗಂಟೆ ಅವರನ್ನು ನಿಯೋಜಿಸಲು ಅವಕಾಶವನ್ನೂ ನೀಡುತ್ತದೆ. ಆ ಗಂಟೆಗಳು ನಿಜವಾದ ಕಲಿಕೆಯಾಗುವುದೋ, ಅಧ್ಯಾಪಕರು ರಜೆ ಹಾಕಿದ ದಿನ ತರಗತಿ ತುಂಬಿಸುವ ಕೆಲಸವಾಗುವುದೋ ಎಂಬುದು ಮಾರ್ಗದರ್ಶಕರನ್ನು ಅವಲಂಬಿಸಿದೆ.

ಮೊದಲ ಕೆಲವು ವಾರ ಸಂಶೋಧನಾರ್ಥಿ ನಿಮ್ಮ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತು ನೋಡಲಿ. ನೋಡುವುದಕ್ಕೆ ಒಂದೇ ಒಂದು ವಿಷಯವನ್ನು ಮೊದಲೇ ಗೊತ್ತುಮಾಡಿಕೊಡಿ: ಪ್ರಶ್ನೆ ಕೇಳಿದ ಮೇಲೆ ಅಧ್ಯಾಪಕರು ಉತ್ತರಕ್ಕಾಗಿ ಎಷ್ಟು ಹೊತ್ತು ಕಾದರು, ಯಾವ ಮಾತಿನ ನಂತರ ವಿದ್ಯಾರ್ಥಿಗಳು ಬರೆಯುವುದನ್ನು ನಿಲ್ಲಿಸಿದರು, ಹೀಗೆ. ಬಳಿಕ ಇಡೀ ಗಂಟೆಯನ್ನಲ್ಲ, 15 ನಿಮಿಷಗಳ ಒಂದು ಭಾಗವನ್ನು ಮಾತ್ರ ಒಪ್ಪಿಸಿ.

ತಯಾರಿಯಲ್ಲಿ ಹೆಚ್ಚು ಸಮಯ ಬೇಡುವುದು ಉದಾಹರಣೆಗಳ ಆಯ್ಕೆ. ಅರ್ಥಶಾಸ್ತ್ರದ ತರಗತಿಯಲ್ಲಿ ಬೇಡಿಕೆಯ ಸ್ಥಿತಿಸ್ಥಾಪಕತ್ವವನ್ನು, ಅಂದರೆ ಬೆಲೆ ಬದಲಾದಾಗ ಬೇಡಿಕೆ ಎಷ್ಟು ಬದಲಾಗುತ್ತದೆ ಎಂಬುದನ್ನು, ಸೂತ್ರದಿಂದ ಆರಂಭಿಸಿದರೆ ಅರ್ಧ ತರಗತಿ ಕೈಬಿಟ್ಟುಹೋಗುತ್ತದೆ. ಉಪ್ಪಿನ ಬೆಲೆ ಏರಿದರೂ ಮನೆಯವರು ಅಷ್ಟೇ ಉಪ್ಪು ಕೊಳ್ಳುತ್ತಾರೆ, ನಂಜನಗೂಡು ರಸಬಾಳೆಯ ಬೆಲೆ ಏರಿದರೆ ಏಲಕ್ಕಿ ಬಾಳೆಗೆ ಹೊರಳುತ್ತಾರೆ ಎಂದು ತೊಡಗಿದರೆ ಸೂತ್ರವನ್ನು ವಿದ್ಯಾರ್ಥಿಗಳೇ ಅರ್ಧ ಕಟ್ಟಿಕೊಡುತ್ತಾರೆ. ಮಳವಳ್ಳಿ, ನಾಗಮಂಗಲದ ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಪರಿಕಲ್ಪನೆಯನ್ನು ಮೊದಲು ಕನ್ನಡದಲ್ಲಿ ಬಿಡಿಸಿ ಹೇಳಿ, ಆಮೇಲೆ ಇಂಗ್ಲಿಷ್ ಪದವನ್ನು ಬೋರ್ಡಿನ ಮೇಲೆ ಬರೆಯುವುದು ಒಳ್ಳೆಯದು. ಕನ್ನಡದಲ್ಲಿ ವಿವರಿಸಿದರೆ ತಮ್ಮ ಪಾಂಡಿತ್ಯ ಕಡಿಮೆಯೆನಿಸೀತೆಂಬ ಅಳುಕು ಅನೇಕ ಯುವ ಬೋಧಕರಲ್ಲಿರುತ್ತದೆ. ಅದನ್ನು ಹೋಗಲಾಡಿಸಲು ಉಪದೇಶಕ್ಕಿಂತ ನೀವೇ ಹಾಗೆ ಪಾಠ ಮಾಡಿ ತೋರಿಸುವುದು ಹೆಚ್ಚು ಫಲಕಾರಿ.

ಪಾಠದ ನಡುವೆ ಮಾತ್ರ ಬಾಯಿ ಹಾಕಬೇಡಿ. ಹಿಂದೊಮ್ಮೆ ನನ್ನ ಸಂಶೋಧನಾರ್ಥಿಯೊಬ್ಬಳು ಪಾಠ ಮಾಡುತ್ತಿದ್ದಾಗ ನಾನು ಎದ್ದು ನಿಂತು ಒಂದು ತಪ್ಪನ್ನು ತಿದ್ದಿದೆ. ಅಂದಿನಿಂದ ಆ ತರಗತಿಯವರು ಪ್ರಶ್ನೆಗಳನ್ನೆಲ್ಲ ಆಕೆಯನ್ನು ಬಿಟ್ಟು ನನ್ನನ್ನೇ ಕೇಳತೊಡಗಿದರು, ಆಕೆ ಮತ್ತೆ ಅವರ ವಿಶ್ವಾಸ ಗಳಿಸಲು ಇಡೀ ಸೆಮಿಸ್ಟರ್ ಹಿಡಿಯಿತು. ತಿದ್ದುಪಡಿ ಅಗತ್ಯವಿದ್ದರೆ ಮುಂದಿನ ತರಗತಿಯಲ್ಲಿ ಸಂಶೋಧನಾರ್ಥಿಯೇ ಅದನ್ನು ಹೇಳಲಿ. ಚರ್ಚೆಯನ್ನು ಅದೇ ದಿನ ಮಾಡಿ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಆವರಣದಲ್ಲಿರುವವರಿಗೆ ಕುಕ್ಕರಹಳ್ಳಿ ಕೆರೆಯ ಏರಿ ಹತ್ತಿರದಲ್ಲೇ ಇದೆ, ಕೊಠಡಿಯ ಮೇಜಿನ ಎದುರು ಬಾರದ ಮಾತು ಅಲ್ಲಿ ನಡೆಯುತ್ತಾ ಬರುತ್ತದೆ. ಮೊದಲು ಅವರ ಅನಿಸಿಕೆಯನ್ನು ಕೇಳಿ, ನಂತರ ಮುಂದಿನ ವಾರ ಬದಲಿಸಬಹುದಾದ ಒಂದೇ ಅಂಶವನ್ನು ತಿಳಿಸಿ.

ಮೌಲ್ಯಮಾಪನ ಕಲಿಸಲು ಆಂತರಿಕ ಪರೀಕ್ಷೆಯ 10 ಉತ್ತರ ಪತ್ರಿಕೆಗಳನ್ನು ಇಬ್ಬರೂ ಬೇರೆ ಬೇರೆಯಾಗಿ ತಿದ್ದಿ, ಅಂಕಗಳನ್ನು ಹೋಲಿಸಿ, ವ್ಯತ್ಯಾಸ ಬಂದ ಕಡೆ ಕಾರಣಗಳನ್ನು ಚರ್ಚಿಸಿದರೆ ಸಾಕು.

ಪೂರ್ಣ ಘಟಕವೊಂದನ್ನು ಒಪ್ಪಿಸುವುದು ಎರಡನೆಯ ಸೆಮಿಸ್ಟರ್‌ನಿಂದಾಗಲಿ. ಮಹಾಪ್ರಬಂಧ ಸಲ್ಲಿಕೆಯ ತಿಂಗಳುಗಳಲ್ಲಿ ಯಾವ ತರಗತಿಯನ್ನೂ ಹೊರಿಸಬಾರದು. ನೀವು ಕುಳಿತು ನೋಡಿದ ಪ್ರತಿ ಪಾಠದ ಬಗ್ಗೆ ದಿನಾಂಕದೊಂದಿಗೆ ಅರ್ಧ ಪುಟ ಬರೆದು ಅವರ ಕೈಗೆ ಕೊಡಿ. ಮುಂದೆ ಅಧ್ಯಾಪಕ ಹುದ್ದೆಗೆ ಅರ್ಜಿ ಹಾಕುವಾಗ ಶಿಫಾರಸು ಪತ್ರವನ್ನು ಆ ಪುಟಗಳ ಆಧಾರದ ಮೇಲೆಯೇ ಬರೆಯಬಹುದು.