ಕೋಳಿಗೂಡಿನ ಜಾಲರಿಯನ್ನು ಹೂಳಬೇಡಿ, ಮಲಗಿಸಿ

ಹೊಸದಾಗಿ ನಾಟಿ ಕೋಳಿ ತರುವವರಿಗೆ ಒಂದು ಸಲಹೆ. ಪ್ರಾಣಿಗಳು ನೆಲ ಕೆರೆದು ಒಳನುಗ್ಗದಂತೆ ಗೂಡಿನ ಸುತ್ತ ಗುಂಡಿ ತೋಡಿ ಜಾಲರಿ ಹೂಳುವ ಕಷ್ಟ ಬೇಡ. ಗೋಡೆಯ ಬುಡದಿಂದ ಹೊರಕ್ಕೆ ಒಂದೂವರೆ ಅಡಿ ಅಗಲಕ್ಕೆ ಜಾಲರಿಯನ್ನು ನೆಲದ ಮೇಲೆ ಮಲಗಿಸಿ, ಗೂಡಿಗೆ ತಂತಿಯಿಂದ ಬಿಗಿದು, ಮೇಲೆ ಕಲ್ಲು, ಮಣ್ಣು ಎಳೆಯಿರಿ. ಮುಂಗುಸಿ, ನಾಯಿ ಸಾಮಾನ್ಯವಾಗಿ ಗೋಡೆಯ ಬುಡದಲ್ಲೇ ಕೆರೆಯಲು ಶುರು ಮಾಡುತ್ತವೆ. ಉಗುರಿಗೆ ತಂತಿ ತಗುಲಿದಾಗ ಒಂದೂವರೆ ಅಡಿ ಹಿಂದೆ ಸರಿದು ಅಗೆಯಬೇಕು ಅಂತ ಅವಕ್ಕೆ ಹೊಳೆಯುವುದು ಕಡಿಮೆ. ಆದರೆ ಅಗ್ಗಕ್ಕೆ ಸಿಗುವ ಆರು ಮೂಲೆ ಕಣ್ಣಿನ ತೆಳು ಜಾಲರಿ ಮಾತ್ರ ದಯವಿಟ್ಟು ಬೇಡ. ಅದು ಕೋಳಿಯನ್ನು ಒಳಗಿಡುತ್ತದೆ ಅಷ್ಟೇ, ನಾಯಿ ಹಲ್ಲಿಟ್ಟು ಎಳೆದರೆ ಹರಿದುಬಿಡುತ್ತದೆ. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ (ತಂತಿಗಳನ್ನು ಬೆಸೆದು ಮಾಡಿದ ಗಟ್ಟಿ ಜಾಲರಿ) ತನ್ನಿ, ದುಡ್ಡು ಜಾಸ್ತಿಯಾದರೂ ಸರಿ. ಮೊಟ್ಟೆಗೆ ಬರುವ ದೊಡ್ಡ ಕೇರೆಹಾವೂ ಅದರಲ್ಲಿ ತೂರುವುದಿಲ್ಲ. ಸಣ್ಣ ಹಾವು ತೂರಬಹುದು, ಮರಿಗಳಿದ್ದರೆ ಎಚ್ಚರ. ಹತ್ತಿರದಲ್ಲಿ ಹಳೇ ಹೆಗ್ಗಣದ ಬಿಲ ಇದ್ದರೂ ಈ ಉಪಾಯ ಸಾಲದು. ಅದು ದೂರದಿಂದಲೇ ಸುರಂಗ ಕೊರೆದು ಗೂಡಿನ ನಡುವೆ ಏಳುತ್ತದೆ. ಅಂಥ ಕಡೆ ನೆಲಕ್ಕೆ ಕಾಂಕ್ರೀಟ್ ಹಾಕಿಸಿ, ಇಲ್ಲವೇ ಗೂಡನ್ನು ಕಾಲಿನ ಮೇಲೆ ಎತ್ತರಿಸಿ. ಕರಾವಳಿ, ಮಲೆನಾಡಿನವರು ಮಳೆಗಾಲ ಮುಗಿದ ಮೇಲೆ ಮಣ್ಣು ಸರಿಸಿ ತಂತಿಯನ್ನೊಮ್ಮೆ ಎಳೆದು ನೋಡಿ. ತುಕ್ಕು ಹಿಡಿದಿದ್ದರೆ ಕೈಯಲ್ಲೇ ಪುಡಿಯಾಗುತ್ತದೆ.